ನನ್ನ ಬಗ್ಗೆ ನನ್ನನ್ನೇ ವಿಚಾರಿಸಿದವರು

ಬೆಳಗ್ಗೆ ಆಫೀಸಿನ ಬೀಗ ತೆಗೆದರೆ ಒಳಗೆಲ್ಲ ಕುರಿಯ ವಾಸನೆ. ಗಾಬರಿಯಾಗಬೇಡಿ, ಒಳಗೆ ಕುರಿ ಇರಲಿಲ್ಲ. ಫೋಟೋ ತೆಗೆಯಲಿಕ್ಕೆಂದು ಕಂಬಳಿ ಸಂಘದ ಹೆಂಗಸರು ನಿನ್ನೆ ಬಿಟ್ಟುಹೋಗಿದ್ದ ಕರಿ ಕಂಬಳಿಯೊಂದು ನನ್ನ ಕುರ್ಚಿಯಲ್ಲಿ ನನಗಿಂತ ಗಂಭೀರವಾಗಿ ಕೂತಿತ್ತು. ಹೊಸ ಕಂಬಳಿಯ ವಾಸನೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದರಲ್ಲಿ ಅರ್ಧ ಉಣ್ಣೆಯದು, ಇನ್ನರ್ಧ ಹುಣಸೆ ಬೀಜ ಅರೆದು ಕಾಯಿಸಿ ನೂಲಿಗೆ ಹಚ್ಚುವ ಗಂಜಿಯದು. ನನ್ನ ಆಫೀಸು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಮಹಡಿಯ ಮೇಲಿದೆ. ವರ್ಷವಿಡೀ ಕೆಳಗಿನಿಂದ ಶೇಂಗಾ ಹಿಂಡಿಯ ವಾಸನೆ ಏರಿ ಬರುತ್ತಿರುತ್ತದೆ. ಇವತ್ತು ಅದೂ ಕಂಬಳಿಯ ಮುಂದೆ ಸೋತು ಮೆಟ್ಟಿಲಲ್ಲೇ ನಿಂತಿತ್ತು.

ಕಂಬಳಿಯನ್ನು ಸ್ಟೂಲಿನ ಮೇಲಿಟ್ಟು ಕಂಪ್ಯೂಟರ್ ಹಾಕಿದೆ. ಪರದೆಯ ಮೇಲೆ ನಿನ್ನೆ ಅರ್ಧಕ್ಕೆ ಬಿಟ್ಟಿದ್ದ ಪುಟ. ತಲೆಬರಹ ‘ನನ್ನ ಬಗ್ಗೆ’. ಕೆಳಗೆ ಒಂದೇ ವಾಕ್ಯ: ‘ನಾನು ಬಹುಮುಖ ಕೌಶಲಗಳುಳ್ಳ ವೆಬ್ ಡಿಸೈನರ್, ಡೆವಲಪರ್ ಹಾಗೂ ಸಮುದಾಯ ಸಂಘಟಕ.’ ಸಂಘದ ವೆಬ್‌ಸೈಟು ಈ ಭಾನುವಾರ ಹೊಸ ರೂಪದಲ್ಲಿ ತೆರೆದುಕೊಳ್ಳಬೇಕು. ಎಲ್ಲ ಪುಟಗಳೂ ಮುಗಿದಿವೆ, ಇದೊಂದು ಉಳಿದಿದೆ. ಮಾಡಿದವನ ವಿಷಯವೂ ಒಂದು ಪುಟ ಇರಲೇಬೇಕು ಅಂತ ಸಂಘದ ಹೆಂಗಸರು ಹಟ ಹಿಡಿದಿದ್ದಾರೆ. ಊರಿನ ಅರ್ಧ ಅಂಗಡಿಗಳಿಗೆ ‘ನಮ್ಮ ಬಗ್ಗೆ’ ಅಂತ ಬರೆದುಕೊಟ್ಟವನು ನಾನು. ಹೋದ ವರ್ಷ ಶುರುವಾದ ಬೇಕರಿಗೂ ಪರಂಪರೆ ಹುಡುಕಿಕೊಟ್ಟಿದ್ದೇನೆ. ನನ್ನದಕ್ಕೆ ಬಂದಾಗ ಮಾತ್ರ ಕೈ ಓಡುವುದಿಲ್ಲ. ಮೇಲಿನ ವಾಕ್ಯವನ್ನು ಓದಿದಾಗಲೆಲ್ಲ ಯಾರೋ ಕೋಟು ಹಾಕಿಕೊಂಡು ನಿಂತ ಹಾಗೆ ಕಾಣುತ್ತದೆ.

ಹಾಗೆ ಕಾಣಲು ಕಾರಣವಿದೆ. ಕಂಬಳಿಯ ವಾಸನೆಗೂ ಆ ಕೋಟಿಗೂ ಸಂಬಂಧವಿದೆ. ಹೇಳುತ್ತೇನೆ, ಕೂತುಕೊಳ್ಳಿ.

ಮೊದಲು ನನ್ನ ಕಸುಬು. ಡಿಸೈನರ್ ಅಂದರೆ, ಗಿರಾಕಿ ‘ಇನ್ನೂ ಸ್ವಲ್ಪ ಕೆಂಪು’ ಅಂದಾಗ ಕೆಂಪು ಮಾಡಿ, ‘ಮೊದಲಿದ್ದದ್ದೇ ಚೆನ್ನಾಗಿತ್ತು’ ಅಂದಾಗ ನಗುನಗುತ್ತಾ ಮತ್ತೆ ಮೊದಲಿನ ಹಾಗೆ ಮಾಡುವವನು. ಡೆವಲಪರ್ ಅಂದರೆ, ಅದು ಕೆಟ್ಟು ನಿಂತಾಗ ಬೈಸಿಕೊಳ್ಳುವವನು. ಸಂಘಟಕ ಅಂದರೆ ಹೇಳುವುದು ಕಷ್ಟ. ಕಂಬಳಿ ನೇಯುವ ಮನೆಗಳ ಹೆಂಗಸರನ್ನು ಒಂದು ಕಡೆ ಸೇರಿಸುತ್ತೇನೆ, ತಳಕು ಊರಿನ ಬೇವಿನ ಮರದ ಕೆಳಗೆ ಫೋನ್ ಪಾಠ ನಡೆಸುತ್ತೇನೆ, ಪಿಂಚಣಿ ಬಂದಿದೆಯೋ ಇಲ್ಲವೋ ಮೆಸೇಜಿನಲ್ಲಿ ನೋಡಿಕೊಳ್ಳುವುದು ಹೇಗೆ ಅಂತ ತೋರಿಸುತ್ತೇನೆ. ಪಾಠ ಮುಗಿದ ಮೇಲೆ ಕುರ್ಚಿಗಳನ್ನು ಎತ್ತಿಡುವುದೂ ನಾನೇ. ಪಕ್ಕದ ಮನೆಯವರು ‘ನಿನ್ನ ಮಗ ಏನು ಮಾಡ್ತಾನಮ್ಮ?’ ಅಂತ ಕೇಳಿದರೆ ಅವ್ವ, ‘ಕಂಪ್ಯೂಟರಿನಾಗೆ ಏನೋ ಮಾಡ್ತಾನೆ ಬಿಡ್ರಿ’ ಅಂದುಬಿಡುತ್ತಿದ್ದಳು. ಅದು ಅಸಡ್ಡೆಯ ಮಾತೆಂದು ತಿಳಿಯಬೇಡಿ. ನಮ್ಮ ಮನೆಯಲ್ಲಿ ಯಾರೂ ತಮ್ಮನ್ನಾಗಲೀ ತಮ್ಮವರನ್ನಾಗಲೀ ಹೊಗಳಬಾರದು. ನಾನು ಕ್ಲಾಸಿಗೆ ಮೊದಲು ಬಂದ ವರ್ಷ ಮೇಷ್ಟ್ರು ಮನೆಯ ತನಕ ಬಂದು ಹೇಳಿದರೆ ಅವ್ವ, ‘ಏನು ಮೊದಲು ಸಾರ್, ಅಂಗಿ ಗುಂಡಿ ಹಾಕ್ಕಳ್ಳಾಕೂ ಬರಲ್ಲ’ ಅಂದಿದ್ದಳು. ಅವರು ಹೋದ ಮೇಲೆ ದೃಷ್ಟಿ ತೆಗೆದಳು. ಇಂಥ ಮನೆಯಲ್ಲಿ ಬೆಳೆದವನ ನಾಲಿಗೆ ಒಂದು ರೀತಿಯಲ್ಲಿ ಪಳಗಿಬಿಟ್ಟಿರುತ್ತದೆ.

ಭಾಗ್ಯಳನ್ನು ನಾನು ಮೊದಲು ನೋಡಿದ್ದು ತಳಕಿನ ಆ ಬೇವಿನ ಮರದ ಕೆಳಗೆ. ಆಕೆ ಮೊಳಕಾಲ್ಮೂರಿನ ಕಡೆಯ ಒಂದು ಹಟ್ಟಿಯವಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಚಿಕ್ಕಮ್ಮನಿಗೆ ಫೋನ್ ಕಲಿಸಲು ಜೊತೆಗೆ ಬಂದಿದ್ದಳು. ನಾನು ಸಂಘದ ಮೊದಲ ವೆಬ್‌ಸೈಟನ್ನು ಪಕ್ಕದ ಮನೆಯ ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸುತ್ತಿದ್ದೆ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ನಾನು ಒಳಗೊಳಗೇ ಉಬ್ಬುತ್ತಿದ್ದೆ. ಈಕೆ ಎದ್ದು ಕೇಳಿದಳು: ‘ಕಂಬಳಿ ಐತೆ, ಅಳತೆ ಐತೆ, ಬೆಲೆ ಐತೆ. ನೇಯ್ದೋರು ಎಲ್ಲಿ?’ ನಾನು ತಲೆ ಕೆರೆದುಕೊಂಡು, ‘ಅಂದ್ರೆ… ಅಂದ್ರೆ…’ ಅಂದೆ.

ಮಾರನೆಯ ವಾರ ನೇಯುವವರ ಪರಿಚಯ ಬರೆದುಕೊಳ್ಳಲು ಹೋದರೆ ಒಬ್ಬ ಹೆಂಗಸೂ ತನ್ನ ಬಗ್ಗೆ ಬಾಯಿ ಬಿಡಲಿಲ್ಲ. ‘ನಂದೇನೈತಪ್ಪ ಹೇಳಾಕೆ’ ಅಂತ ಸೆರಗು ಬಾಯಿಗೆ ಹಿಡಿದರು. ಆಗಲೂ ದಾರಿ ತೋರಿಸಿದ್ದು ಭಾಗ್ಯಳೇ. ‘ಅವರನ್ನ ಅವರ ಬಗ್ಗೆ ಕೇಳಬ್ಯಾಡ್ರಿ. ಪಕ್ಕದಾಕೆ ಬಗ್ಗೆ ಕೇಳ್ರಿ’ ಅಂದಳು. ಅಷ್ಟೇ, ಒಡ್ಡು ಕಿತ್ತ ಕೆರೆಯ ಹಾಗೆ ಮಾತು ಬಂತು. ಈಕೆ ನೂಲು ತೆಗೆದರೆ ಗಂಟೇ ಇರುವುದಿಲ್ಲ, ಆಕೆ ಹಾಡು ಹೇಳದೆ ಮಗ್ಗಕ್ಕೆ ಕೂರುವುದಿಲ್ಲ, ಇನ್ನೊಬ್ಬಳು ಗಂಡನಿಗೆ ಹೆದರುವುದಿಲ್ಲ ಆದರೆ ಓತಿಕ್ಯಾತಕ್ಕೆ ಹೆದರುತ್ತಾಳೆ. ಎಲ್ಲವನ್ನೂ ಹೇಳಿದ ಹಾಗೆಯೇ ಪುಟಕ್ಕೆ ಹಾಕಿದೆ. ಅವತ್ತು ಮನೆಗೆ ಬಂದು ಅವ್ವನಿಗೆ ಭಾಗ್ಯಳ ವಿಷಯ ಹೇಳಿ, ‘ಆ ಮನೆಗೆ ಹೆಣ್ಣು ಕೇಳಿಸು’ ಅಂದೆ. ಅವ್ವ ಎರಡನೇ ಮಾತು ಕೇಳಲಿಲ್ಲ.

ಕೇಳಿಸುವುದಕ್ಕೆ ಬಯೋಡೇಟಾ ಬೇಕು, ಫೋಟೋ ಬೇಕು. ಇಲ್ಲಿ ನನ್ನ ಬಹುಮುಖ ಕೌಶಲಗಳು ನನ್ನ ಮೇಲೆಯೇ ತಿರುಗಿಬಿದ್ದವು. ಊರಿನವರ ಮದುವೆ ಫೋಟೋಗಳನ್ನೆಲ್ಲ ತಿದ್ದಿ ಕೊಡುತ್ತಿದ್ದ ಕೈ ಸುಮ್ಮನಿರಬೇಕಲ್ಲ. ಮುಂದಲೆಯಲ್ಲಿ ಕೂದಲು ತೆಳ್ಳಗಾಗಿತ್ತು, ಅಲ್ಲಿ ಸ್ವಲ್ಪ ನಾಟಿ ಮಾಡಿದೆ. ಬಿಸಿಲಿಗೆ ಕರಕಲಾದ ಮುಖಕ್ಕೆ ಸ್ವಲ್ಪ ಬೆಳಕು. ಅಂಗಿಯ ಮೇಲೆ ಒಂದು ನೀಲಿ ಕೋಟು, ಅದು ಯಾರದೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಹಿಂದೆ ಗಾಜಿನ ಕಟ್ಟಡ. ಮುಗಿದಾಗ ನಾನೇ ಅವನಿಗೆ ‘ನಮಸ್ಕಾರ ಸಾರ್’ ಅನ್ನುವ ಹಾಗಿದ್ದ. ಕೆಳಗೆ ದಪ್ಪಕ್ಷರದಲ್ಲಿ ಅದೇ ವಾಕ್ಯ: ವೆಬ್ ಡಿಸೈನರ್, ಡೆವಲಪರ್, ಸಮುದಾಯ ಸಂಘಟಕ. ಪ್ರಿಂಟು ತೆಗೆದು ಮದುವೆ ಮಾತಾಡುವ ದೂರದ ನೆಂಟರೊಬ್ಬರ ಕೈಗೆ ಕೊಟ್ಟೆ.

ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಇನ್ನೊಂದು ಶಾಸ್ತ್ರ ಇದೆ, ಅದಕ್ಕೆ ಪಂಚಾಂಗ ನೋಡುವುದಿಲ್ಲ. ವಿಚಾರಿಸುವುದು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಸಂತೆಗೆ ಬಂದವರ ಹಾಗೆ ಹುಡುಗನ ಊರಿಗೆ ಬರುತ್ತಾರೆ. ಹೋಟೆಲಿನಲ್ಲಿ ಕೂತು, ಕ್ಷೌರದಂಗಡಿಯಲ್ಲಿ ಕೂತು, ಹುಡುಗ ಎಂಥವನು ಅಂತ ತಿಳಿದುಕೊಂಡು ಹೋಗುತ್ತಾರೆ. ಬಂದದ್ದು ಹುಡುಗನಿಗೆ ಗೊತ್ತಾಗಬಾರದು. ಗೊತ್ತಾದರೆ ಬಂದವರಿಗೆ ಅವಮಾನ, ಆಮೇಲೆ ಆ ಸಂಬಂಧ ಕೂಡಿಬರುವುದು ಕಷ್ಟ. ಇದು ಹುಡುಗರಿಗೆಲ್ಲ ಗೊತ್ತಿರುತ್ತದೆ. ಆದ್ದರಿಂದ ಆ ದಿನಗಳಲ್ಲಿ ಅವರು ಹೋಟೆಲಿನಲ್ಲಿ ತಾವೇ ಬಿಲ್ಲು ಕೊಡುತ್ತಾರೆ, ಕ್ಷೌರಿಕನಿಗೆ ‘ಅಣ್ಣಾ’ ಅನ್ನುತ್ತಾರೆ. ನಾನೂ ಅಂದೆ.

ಹಾಗಿರುವಾಗ ಒಂದು ಮಧ್ಯಾಹ್ನ ಇಂಟರ್‌ನೆಟ್ ಸತ್ತಿತ್ತು. ಎರಡು ದಿನದ ಗಡ್ಡ ಬಿಟ್ಟುಕೊಂಡು, ಪ್ಯಾಂಟು ಮಡಚಿಕೊಂಡು, ಸ್ಟೂಲಿನ ಮೇಲೆ ಹತ್ತಿ ವೈರು ಎಳೆಯುತ್ತಿದ್ದೆ. ತಲೆಯ ಮೇಲೆ ಜೇಡರ ಬಲೆ. ಬಾಗಿಲಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಹಿರಿಯರೊಬ್ಬರು ಬಂದು ನಿಂತರು. ಅವರಿಗಿಂತ ಮೊದಲು ಆ ವಾಸನೆ ಒಳಗೆ ಬಂತು, ಉಣ್ಣೆ ಮತ್ತು ಹುಣಸೆ ಗಂಜಿ. ಅಂಗಿಯ ಜೇಬಿನಿಂದ ಒಂದು ಫೋಟೋ ತೆಗೆದು ಮೇಲೆ ಚಾಚಿದರು.

‘ಏಮಪ್ಪಾ, ಈ ಹುಡುಗ ಕೆಲ್ಸ ಮಾಡಾದು ಇಲ್ಲೇನಾ?’

ಆ ‘ಏಮಪ್ಪಾ’ ಕೇಳಿದಾಗಲೇ ಆಂಧ್ರದ ಗಡಿಯ ಕಡೆಯವರು, ಮೊಳಕಾಲ್ಮೂರಿನ ಪಾರ್ಟಿ ಅಂತ ಗೊತ್ತಾಯಿತು. ಫೋಟೋದಲ್ಲಿ ನೀಲಿ ಕೋಟಿನವನು ನನ್ನನ್ನೇ ನೋಡಿ ನಗುತ್ತಿದ್ದ.

‘ಹೂಂ, ಇಲ್ಲೇ’ ಅಂದೆ.

‘ಒಳಗೈದಾನಾ?’

‘ಈಗಿಲ್ಲ’ ಅಂದೆ. ಸುಳ್ಳೇನಲ್ಲ, ಅಂಥವನು ಯಾವತ್ತೂ ಒಳಗಿರಲಿಲ್ಲ.

‘ಒಳ್ಳೇದಾತು’ ಅಂತ ಅವರು ಒಳಗೆ ಬಂದು ಬಾಗಿಲು ಸ್ವಲ್ಪ ಮುಂದೆ ಮಾಡಿ ಕೂತರು. ‘ನನ್ನೆಸ್ರು ಕರಿಯಪ್ಪ. ಹುಡುಗಿಗೆ ನಾನು ದೊಡ್ಡಪ್ಪ. ಅವರಪ್ಪ ಕುರಿ ಹಿಂಡಿನ ಜತೀಗೆ ಊರೂರು ತಿರುಗ್ತಾನೆ, ಮನೆ ಯಜಮಾನಿಕೆ ನಂದು. ಮಗಳ ಹಂಗೆ ಸಾಕಿದೀನಿ. ನೀನು ಅವನ ಜತೆಗಾರ ಕಾಣ್ತೀಯ. ನಿಜ ಹೇಳ್ಬೇಕು. ನಾನು ಬಂದದ್ದು ಅವನಿಗೆ ತಿಳೀಬಾರ್ದು. ಭಾಷೆ ಕೊಡು.’

ಸ್ಟೂಲಿನಿಂದ ಇಳಿದು ಭಾಷೆ ಕೊಟ್ಟೆ. ನೀವೇ ಹೇಳಿ, ಇನ್ನೇನು ಮಾಡಬೇಕಿತ್ತು? ‘ಅದು ನಾನೇ’ ಅಂದಿದ್ದರೆ ಆ ಹಿರಿಯರು ಮುಖ ಎತ್ತಿಕೊಂಡು ಊರಿಗೆ ಹೋಗುವ ಹಾಗಿರಲಿಲ್ಲ.

‘ಕುಡಿಯಾದು ಗಿಡಿಯಾದು ಐತಾ?’

‘ಇಲ್ಲವೇ ಇಲ್ಲ.’

‘ಅಷ್ಟು ಗ್ಯಾರಂಟಿ ಹೆಂಗೇಳ್ತೀಯ?’

‘ಯಾವಾಗ್ಲೂ ಜತೇಲೇ ಇರ್ತೀನಲ್ರಿ.’

ಅವರು ತಲೆಯಾಡಿಸಿದರು. ‘ಸಮುದಾಯ ಸಂಘಟಕ ಅಂಬ್ತ ಬರದವ್ನೆ. ಎಲೆಕ್ಷನ್ನಿಗೆ ನಿಂತ್ಕಂಬ್ತಾನಾ?’

‘ಇಲ್ರಿ. ಜನನ ಒಂದ್ಕಡೆ ಸೇರಿಸ್ತಾನೆ.’

‘ಸೇರಿಸಿ?’

‘ಮಾತಾಡಿಸ್ತಾನೆ. ಟೀ ಕೊಡಿಸ್ತಾನೆ.’

‘ಆಮ್ಯಾಲೆ?’

‘ಕುರ್ಚಿ ಎತ್ತಿಡ್ತಾನೆ.’

ಕರಿಯಪ್ಪ ಫೋಟೋವನ್ನೊಮ್ಮೆ ನೋಡಿದರು. ಆ ಕೋಟಿನವನು ಕುರ್ಚಿ ಎತ್ತಿಡುವುದನ್ನು ಕಲ್ಪಿಸಿಕೊಳ್ಳಲು ಅವರಿಂದ ಆಗಲಿಲ್ಲ ಅಂತ ಕಾಣುತ್ತದೆ. ‘ಇಷ್ಟೊಂದು ಕೆಲ್ಸ ಬರದವ್ನಲ್ಲಪ್ಪ, ಒಂದಾದ್ರೂ ನೆಟ್ಟಗೆ ಬರ್ತೈತಾ?’

ಇದೇ ಸಮಯ. ಹೊಗಳಬೇಕಿತ್ತು. ಬೇರೆ ಯಾವ ಹುಡುಗನ ಬಗ್ಗೆ ಕೇಳಿದ್ದರೂ ಬಂಗಾರದಂಥವನು ಅನ್ನುತ್ತಿದ್ದೆ. ಎಷ್ಟೋ ಮದುವೆಗಳಿಗೆ ಹಾಗೆ ಪುಣ್ಯ ಕಟ್ಟಿಕೊಂಡಿದ್ದೇನೆ. ಆದರೆ ಇವನು ನಾನು. ಅವ್ವ ಎದುರಿಗೇ ನಿಂತು ಕಣ್ಣು ಬಿಟ್ಟ ಹಾಗಾಯಿತು. ತಲೆ ಕೆರೆದುಕೊಂಡು, ‘ಅಂದ್ರೆ… ಎಲ್ಲಾ ಸುಮಾರಾಗಿ ಬರ್ತೈತ್ರಿ’ ಅಂದೆ.

‘ಒಟ್ಟಿನಾಗೆ ಹುಡುಗ ಹೆಂಗೆ?’

‘ಐದಾನೆ. ಸುಮಾರಾಗಿ ಐದಾನೆ.’

ಕರಿಯಪ್ಪ ನಿಟ್ಟುಸಿರು ಬಿಟ್ಟು ಫೋಟೋವನ್ನು ಜೇಬಿಗಿಳಿಸಿದರು. ನನ್ನ ಎದೆ ಅದರ ಜೊತೆಗೇ ಇಳಿಯಿತು. ಹೋಗುವ ಮುಂಚೆ ಫೋನು ತೋರಿಸಿ, ‘ಇದು ರಿಂಗ್ ಆಗಾದೇ ಇಲ್ಲಪ್ಪ, ಮನೇಲಿ ಬೈತಾರೆ’ ಅಂದರು. ಯಾರೋ ಸದ್ದು ಆರಿಸಿಟ್ಟಿದ್ದರು. ಸದ್ದು ಹಚ್ಚಿದೆ, ಅಕ್ಷರ ದೊಡ್ಡದು ಮಾಡಿಕೊಟ್ಟೆ. ಕೆಳಗೆ ಮಿಲ್ಲಿನಲ್ಲಿ ಅವರು ಕುರಿಗೆಂದು ಕೊಂಡ ಹಿಂಡಿಯ ಮೂಟೆ ಇತ್ತು, ಅದನ್ನು ಹೊತ್ತು ಬಸ್‌ಸ್ಟ್ಯಾಂಡಿನ ತನಕ ಹೋಗಿ ಮೊಳಕಾಲ್ಮೂರಿನ ಬಸ್ಸಿಗೆ ಹಾಕಿದೆ. ಕಿಟಕಿಯಿಂದ ಅವರು, ‘ಭಾಷೆ ನೆನಪಿರ್ಲಿ’ ಅಂದರು.

ಒಂದಷ್ಟು ದಿನಕ್ಕೆ ಆ ನೆಂಟರ ಬಾಯಿಂದ ಸುದ್ದಿ ಬಂತು: ಹುಡುಗನ ಬಗ್ಗೆ ಅಷ್ಟು ಚೆನ್ನಾಗಿ ಕೇಳಿಬರಲಿಲ್ಲ, ಅವನ ಆಫೀಸಿನಲ್ಲಿ ಇರುವವನೇ ಸುಮಾರು ಅಂದನಂತೆ. ಅವ್ವ ಮುದ್ದೆ ಬಡಿಸುತ್ತಿದ್ದವಳು ಸೌಟು ಹಿಡಿದೇ ಎದ್ದು ನಿಂತಳು. ‘ಯಾವನವ್ನು? ನನ್ನ ಮಗನ ಮ್ಯಾಲೆ ಚಾಡಿ ಹೇಳಿದೋನು ಯಾವನು? ಅವನ ನಾಲ್ಗೆ ಬಿದ್ದೋಗ! ನನ್ನ ಮಗನಂಥ ಮಗ ಈ ಚಳ್ಳಕೇರ್ಯಾಗೆ ಇನ್ನೊಬ್ಬ ಐದಾನಾ?’ ಅವ್ವನ ಬಾಯಲ್ಲಿ ಆ ಮಾತನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ಕೇಳಿದ್ದು. ಸಂತೋಷ ಪಡಬೇಕೋ ನಾಲಿಗೆ ಕಾಪಾಡಿಕೊಳ್ಳಬೇಕೋ ತಿಳಿಯದೆ ಸಾರಿನಲ್ಲಿ ಮುದ್ದೆ ಹೊರಳಿಸುತ್ತಾ ಕೂತೆ. ಅವ್ವ ಇನ್ನೊಂದು ಮುದ್ದೆ ಹಾಕಿದಳು.

ನಗುತ್ತಿದ್ದೀರಿ, ನಗಿ. ನನಗೆ ಆಗ ನಗು ಬರುತ್ತಿರಲಿಲ್ಲ. ‘ನೇಯ್ದೋರು ಎಲ್ಲಿ’ ಅಂತ ಕೇಳಿದ ಆ ದನಿಯನ್ನು ನಾನು ಎಲ್ಲ ಕೆಲಸದ ನಡುವೆಯೂ ಕೇಳಿಸಿಕೊಳ್ಳುತ್ತಿದ್ದೆ. ಆಕೆಯನ್ನು ಬಿಟ್ಟು ಬೇರೆ ಯಾರೂ ನನಗೆ ಬೇಕಿರಲಿಲ್ಲ. ಒಂದು ಬೆಳಗ್ಗೆ ಗಡ್ಡ ಕೂಡ ಹೆರೆಯದೆ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಏನು ಹೇಳಬೇಕು ಅಂತ ತಳಕು ದಾಟುವ ತನಕ ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಯಾವೂರು, ಯಾರ ಮಗ, ಯಾರ ಮನೆಗೆ ಅಂತ ಕೇಳಿ ಮೂರು ಮಾತಿನಲ್ಲಿ ನನ್ನನ್ನು ಪೂರ್ತಿ ತಿಳಿದುಕೊಂಡು ನಿದ್ದೆ ಹೋದಳು. ಇಷ್ಟು ಸುಲಭದ ಕೆಲಸಕ್ಕೆ ನಾನು ಫೋಟೋಗೆ ಕೋಟು ತೊಡಿಸಿದ್ದೆನಲ್ಲ ಅನ್ನಿಸಿತು.

ಕರಿಯಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. ‘ಬಾರಪ್ಪಾ, ಬಾ! ಲೇ, ಆ ಆಫೀಸಿನ ಹುಡುಗ ಬಂದವ್ನೆ, ಮಜ್ಜಿಗೆ ತಗಂಬರ್ರೇ’ ಅಂತ ಒಳಗೆ ಕೂಗಿದರು. ಆಮೇಲೆ ಹತ್ತಿರ ಬಾಗಿ ದನಿ ಇಳಿಸಿದರು. ‘ಏನಪ್ಪಾ, ಅವನ ವಿಷ್ಯ ಇನ್ನೇನಾದ್ರೂ ಐತಾ?’

‘ಆ ಹುಡುಗ ನಾನೇ ರಿ’ ಅಂದೆ.

‘ಯಾವ ಹುಡುಗ?’

‘ಫೋಟೋದಾಗಿನೋನು.’

ಅವರು ಹಗ್ಗ ಕೆಳಗಿಟ್ಟು ಒಳಗೆ ಹೋಗಿ ಫೋಟೋ ತಂದರು. ನನ್ನ ಕೆನ್ನೆಯ ಪಕ್ಕ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಕಡೆ ಹಿಡಿದು ನೋಡಿದರು. ಕುರಿ ಕೊಳ್ಳುವಾಗ ಕೂಡ ಅಷ್ಟು ಹೊತ್ತು ನೋಡುವುದಿಲ್ಲ. ಕೊನೆಗೆ, ‘ಕಿವಿ ಮಾತ್ರ ಅವೇ’ ಅಂದರು.

ಫೋಟೋವನ್ನು ಕಟ್ಟೆಯ ಮೇಲಿಟ್ಟು ಕೇಳಿದರು: ‘ಮತ್ತೆ ನಿನ್ನ ಮ್ಯಾಲೆ ನೀನೇ ಯಾಕಪ್ಪಾ ಹಂಗಂದೆ?’

‘ನನ್ನ ಬಗ್ಗೆ ನಾನೇ ಇನ್ನೇನು ಹೇಳ್ಕಳ್ಳಲ್ರಿ?’

ಕರಿಯಪ್ಪ ನನ್ನ ಮುಖವನ್ನೇ ನೋಡಿದರು. ಆಮೇಲೆ ಕಟ್ಟೆಗೆ ಕೈ ಬಡಿದು ನಗತೊಡಗಿದರು, ಕೆಮ್ಮು ಬರುವ ತನಕ ನಕ್ಕರು. ‘ಅವತ್ತು ಚಳ್ಳಕೆರೆಯಿಂದ ಬಂದು ಮನೇಲಿ ಏನಂದೆ ಗೊತ್ತಾ? ಆ ಫೋಟೋದೋನು ಸುಮಾರಂತೆ, ಬ್ಯಾಡ ಬಿಡ್ರಿ ಅಂದೆ. ಆದ್ರೆ ಅವನ ಆಫೀಸಿನಾಗೆ ಒಬ್ಬ ಐದಾನೆ, ಹಿಂಡಿ ಮೂಟೆ ಹೊತ್ಕಂಡು ಬಂದು ಬಸ್ಸಿಗೆ ಹಾಕ್ದ, ಅಂಥೋನು ಸಿಕ್ಕಿದ್ರೆ ಕಣ್ಮುಚ್ಚಿ ಕೊಡ್ತಿದ್ದೆ ಅಂದೆ.’

ಅಷ್ಟರಲ್ಲಿ ಭಾಗ್ಯ ಮಜ್ಜಿಗೆಯ ಲೋಟ ಹಿಡಿದು ಬಂದಳು. ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ. ‘ತಲೆ ಕೆರ್ಕಂಡು ಅಂದ್ರೆ ಅಂದ್ರೆ ಅಂತಾನೆ ಅಂತ ದೊಡ್ಡಪ್ಪ ಆಡಿ ತೋರಿಸಿದ ದಿನಾನೇ ಅದು ಇವರೇ ಅಂತ ನನಗೆ ಗೊತ್ತಾತು’ ಅಂದಳು.

‘ಮತ್ತೆ ಹೇಳಲಿಲ್ಲ ಯಾಕೆ?’ ಅಂತ ನಾನೂ ಕರಿಯಪ್ಪನೂ ಒಟ್ಟಿಗೇ ಕೇಳಿದೆವು.

‘ಇವರಾಗಿ ಬರ್ತಾರೋ ಇಲ್ಲೋ ನೋಡ್ಬೇಕಿತ್ತು’ ಅಂದು ಲೋಟ ಕೈಗೆ ಕೊಟ್ಟಳು. ಮಜ್ಜಿಗೆಗೆ ಉಪ್ಪು ಜಾಸ್ತಿಯಾಗಿತ್ತು. ಅಂದರೆ ಒಳಗೆ ಆಕೆಗೂ ನನ್ನಷ್ಟೇ ಗಾಬರಿಯಾಗಿತ್ತು ಅಂತ ಆಮೇಲೆ ಲೆಕ್ಕ ಹಾಕಿದೆ.

ಮದುವೆಯಾಗಿ ಈಗ ವರ್ಷಗಳೇ ಆದವು. ಕರಿಯಪ್ಪ ಮಾವ ಆಡು ಮೇಯಿಸುವಷ್ಟು ಗಟ್ಟಿಯಾಗಿದ್ದಾರೆ. ಹೋದಾಗಲೆಲ್ಲ ಅವರದು ಅದೇ ಪ್ರಶ್ನೆ: ‘ಏನಪ್ಪಾ, ನಿನ್ನ ಜತೆಗಾರ ಹೆಂಗೈದಾನೆ?’ ನಾನು, ‘ಐದಾನೆ ಮಾವ, ಸುಮಾರಾಗಿ’ ಅನ್ನುತ್ತೇನೆ. ಅವರು ನಗುತ್ತಾರೆ. ಆದರೆ ಆ ನಗುವನ್ನು ಬಿಟ್ಟು, ನನ್ನ ಬಗ್ಗೆ ಒಂದು ನೇರ ಮಾತು ಅವರ ಬಾಯಿಂದ ಇವತ್ತಿನವರೆಗೂ ಬಂದಿಲ್ಲ. ಮಗಳ ಹಾಗೆ ಸಾಕಿದವಳನ್ನು ನನ್ನ ಕೈಯಲ್ಲಿಟ್ಟವರು. ಇಟ್ಟದ್ದು ಸರಿಯಾಯಿತೋ ಇಲ್ಲವೋ ಅಂತ ಅವರೇ ಹೇಳಬೇಕು ಅಂತ ನನಗೆ ಆಸೆ. ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ನಮ್ಮಲ್ಲಿ ಇಂಥದನ್ನು ಕೇಳಿ ಪಡೆಯುವ ಪದ್ಧತಿಯೂ ಇಲ್ಲ.

ಇಷ್ಟು ಯೋಚಿಸುವಷ್ಟರಲ್ಲಿ ಹೊತ್ತು ಏರಿತ್ತು. ಆ ಒಂದೇ ವಾಕ್ಯವನ್ನು ಭಾಗ್ಯಳ ಫೋನಿಗೆ ಕಳಿಸಿ, ಹೇಗಿದೆ ಅಂತ ಕೇಳಿದೆ. ಶಾಲೆಯ ಬಿಡುವಿನಲ್ಲಿ ಆಕೆಯೇ ಫೋನ್ ಮಾಡಿದಳು.

‘ಯಾರ ಬಗ್ಗೆ ಇದು? ಆ ಕೋಟಿನೋನ ಬಗ್ಗೆನಾ?’

‘ಮತ್ತೆ ಏನಂತ ಬರೀಲಿ?’

‘ಸಂಘದ ಎಲ್ಲಾರ ಪುಟಾನೂ ಪಕ್ಕದೋರು ಹೇಳಿದ್ದು. ನಿಮ್ಮದು ಮಾತ್ರ ನೀವೇ ಯಾಕೆ ಬರ್ಕಂತೀರಿ?’ ಅಂದಳು. ಶಾಲೆಯ ಗಂಟೆ ಹೊಡೆಯಿತು, ಫೋನ್ ಇಟ್ಟಳು.

ವಾಕ್ಯವನ್ನು ಅಳಿಸಿದೆ. ಕಂಬಳಿಯನ್ನು ಸ್ಟೂಲಿನಿಂದ ಎತ್ತಿ ತೊಡೆಯ ಮೇಲೆ ಹಾಕಿಕೊಂಡೆ. ಆಮೇಲೆ ಧೈರ್ಯ ಮಾಡಿ ಮಾವನಿಗೆ ಫೋನ್ ಹಚ್ಚಿದೆ. ನಾನೇ ಸದ್ದು ಹಚ್ಚಿಕೊಟ್ಟ ಫೋನು, ಎತ್ತಿದರು. ಹಿಂದೆ ಆಡುಗಳ ಕೂಗು, ಗಾಳಿ. ವೆಬ್‌ಸೈಟಿನ ವಿಷಯ ಹೇಳಿದೆ. ನನ್ನ ಬಗ್ಗೆ ಒಂದು ಮಾತು ಹೇಳ್ರಿ ಮಾವ, ನೀವು ಏನಂದರೂ ಹಂಗೇ ಬರಿತೀನಿ ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿಸಿತು.

ಆ ಕಡೆ ಅವರು ಆಡುಗಳನ್ನು ‘ಹೋಯ್’ ಅಂತ ಗದರಿಸಿದರು.

‘ಲೋಕಕ್ಕೆಲ್ಲ ಕಾಣ್ತೈತಾ ಅದು?’ ಅಂದರು.

‘ಕಾಣ್ತೈತ್ರಿ.’

‘ಹಂಗಾದ್ರೆ ಬರ್ಕ. ಯಾರಾದ್ರೂ ವಿಚಾರಿಸಾಕೆ ಬಂದ್ರೆ, ಆ ಆಫೀಸಿನಾಗೆ ಸ್ಟೂಲ್ ಹತ್ತಿ ನಿಂತಿರ್ತಾನಲ್ಲ ಒಬ್ಬ, ಅವನ ಮಾತು ಮಾತ್ರ ನಂಬಬ್ಯಾಡ್ರಿ ಅಂಬ್ತ ಬರಿ.’ ‘ಬರ್ಕಂಡ್ಯಾ?’ ಅಂತ ಕೇಳಿ ಮುಂದಿನದನ್ನೂ ಹೇಳಿದರು. ‘ನಮ್ಮ ಹುಡುಗ ಎಂಥೋನು ಅಂಬ್ತ ಅವನಿಗೇನೂ ಗೊತ್ತಿಲ್ಲ.’

ಕಣ್ಣು ಒರೆಸಿಕೊಂಡು, ಹೇಳಿದ ಹಾಗೆಯೇ ಬರೆದೆ.